ಲಾರಿ ಎಲ್ಲಿದೆ ಅಂತ ಗೊತ್ತು, ಡ್ರೈವರ್ ಮಲಗಿದ್ದು ಯಾವಾಗ?

ಶಿವಮೊಗ್ಗದ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ನೋಡಿ. ಓನರ್ ಮೊಬೈಲಿನಲ್ಲಿ ಒಂದು ಮ್ಯಾಪು, ಅದರ ಮೇಲೆ ಹಸಿರು, ಕೆಂಪು ಚುಕ್ಕೆಗಳು. ಹಸಿರು ಅಂದರೆ ಲಾರಿ ಓಡುತ್ತಿದೆ, ಕೆಂಪು ಅಂದರೆ ನಿಂತಿದೆ. ಕೆಂಪು ಚುಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕಂಡರೆ ಸಾಕು, ಫೋನ್ ಹೋಗುತ್ತದೆ: "ಎಲ್ಲಿದೀಯೋ? ಯಾಕೆ ನಿಲ್ಲಿಸಿದೀಯ?" ಹಸಿರು ಚುಕ್ಕೆ ಹದಿನಾಲ್ಕು ಗಂಟೆ ಕಂಡರೂ ಯಾರೂ ಫೋನ್ ಮಾಡಿ "ಯಾಕೋ ಇನ್ನೂ ನಿಲ್ಲಿಸಿಲ್ಲ?" ಅಂತ ಕೇಳುವುದಿಲ್ಲ.

ಯಾರೂ ಮಾಡದ ಆ ಎರಡನೇ ಫೋನನ್ನು ಅಮೆರಿಕದವರು ಒಂದು ಯಂತ್ರಕ್ಕೆ ಒಪ್ಪಿಸಿದ್ದಾರೆ. ಅದರ ಹೆಸರು ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್, ಚಿಕ್ಕದಾಗಿ ಇ.ಎಲ್.ಡಿ. ನಮ್ಮಲ್ಲಿ ಇದರ ಮಾತು ಬಂದಾಗ "ಅದೇ ಜಿಪಿಎಸ್ ಅಲ್ವಾ, ನಮ್ಮ ಗಾಡೀಲೂ ಇದೆ" ಅನ್ನುವವರೇ ಜಾಸ್ತಿ. ಎರಡೂ ಬೇರೆ ಬೇರೆ. ಜಿಪಿಎಸ್ ಇಡುವುದು ಗಾಡಿಯ ಲೆಕ್ಕ, ಇ.ಎಲ್.ಡಿ. ಇಡುವುದು ಮನುಷ್ಯನ ಲೆಕ್ಕ. ಒಂದೇ ಲಾರಿಯನ್ನು ಇಬ್ಬರು ಸರದಿ ಮೇಲೆ ಓಡಿಸಿದರೆ ಜಿಪಿಎಸ್‌ಗೆ ಕಾಣುವುದು ಒಂದೇ ಗೆರೆ. ಇ.ಎಲ್.ಡಿ.ಯಲ್ಲಿ ಇಬ್ಬರಿಗೂ ಬೇರೆ ಬೇರೆ ಖಾತೆ. ಡ್ರೈವರ್ ಕಂಪನಿಯ ಬೇರೆ ಗಾಡಿಗೆ ಹತ್ತಿ ಲಾಗಿನ್ ಆದರೂ ಬೆಳಿಗ್ಗೆಯಿಂದ ಓಡಿಸಿದ ಗಂಟೆಗಳು ಅವನ ಹಿಂದೆಯೇ ಬರುತ್ತವೆ.

ನಾನು ಲಾರಿ ಓಡಿಸುವವನಲ್ಲ, ಲಾರಿ ಆಫೀಸಿನ ಲೆಕ್ಕ ಬರೆಯುವವನು. ಹಾಗಾಗಿ ಈ ನಿಯಮಗಳನ್ನು ಓದುವಾಗ ನನಗೆ ಕಾಣುವುದು ಗಂಟೆಗಳ ಜಮಾ-ಖರ್ಚು. ಲಾರಿಯವನ ಗಂಟೆಗಳು ರಸ್ತೆಯಲ್ಲಿ ಖರ್ಚಾಗುವುದಕ್ಕಿಂತ ಮೊದಲು ಗೋಡೌನ್ ಬಾಗಿಲಲ್ಲಿ ಪೋಲಾಗುತ್ತವೆ. ಆ ಪೋಲನ್ನು ಬರೆದಿಡದೆ ಬರೀ ಓಡಿಸಿದ ಹೊತ್ತನ್ನು ಅಳೆದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದವರು ಆಗಲೇ ಮಾಡಿ ನೋಡಿದ್ದಾರೆ.

ಗಂಟೆ ಎಣಿಸುವುದು ಯಾಕೆ?

1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಒಮ್ಮೆ ಜನರನ್ನು ನಿದ್ದೆ ಮಾಡಲು ಬಿಡದೆ, ಇನ್ನೊಮ್ಮೆ ಅವರಿಗೇ ಮದ್ಯ ಕೊಟ್ಟು, ಕಣ್ಣು ಮತ್ತು ಕೈ ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತವೆ ಎಂದು ಪರೀಕ್ಷಿಸಿದರು. ಸುಮಾರು 17 ಗಂಟೆ ಎಚ್ಚರ ಇದ್ದವರ ಕೈಚಳಕ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದಾಗಿನ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಕುಡಿದು ಓಡಿಸಿದ ಕೇಸು ಹಾಕಲು 30 ಮಿಲಿಗ್ರಾಂ ದಾಟಿದರೆ ಸಾಕು. ಅಂದರೆ ಬೆಳಿಗ್ಗೆ ಐದಕ್ಕೆ ಎದ್ದ ಡ್ರೈವರ್ ರಾತ್ರಿ ಹತ್ತು ಗಂಟೆಗೆ ಬಾಳೆಬರೆ ಘಾಟಿ ಇಳಿಯುತ್ತಿದ್ದರೆ, ತೊಟ್ಟು ಕುಡಿಯದೆಯೂ ಅವನ ಕಣ್ಣು-ಕೈ ಆ ಮಿತಿ ದಾಟಿದವನ ಹಾಗೆ ಇರಬಹುದು. ಪೊಲೀಸರ ಹತ್ತಿರ ಊದಿಸುವ ಮಷೀನ್ ಇದೆ. ನಿದ್ದೆಗೆಟ್ಟವನನ್ನು ಹಿಡಿಯುವ ಮಷೀನ್ ಇಲ್ಲ. ಹಾಗಾಗಿ ಇರುವುದು ಒಂದೇ ದಾರಿ: ಅವನು ಎಷ್ಟು ಹೊತ್ತಿನಿಂದ ಕೆಲಸದಲ್ಲಿದ್ದಾನೆ ಅಂತ ಎಣಿಸುವುದು.

ಒಟ್ಟಿಗೇ ಓಡುವ ನಾಲ್ಕು ಗಡಿಯಾರ

ಅಮೆರಿಕದಲ್ಲಿ ಸರಕು ಲಾರಿ ಡ್ರೈವರ್ ತಲೆಯ ಮೇಲೆ ಒಂದೇ ಹೊತ್ತಿಗೆ ನಾಲ್ಕು ಲೆಕ್ಕ ನಡೆಯುತ್ತಿರುತ್ತವೆ. ಒಂದೊಂದಾಗಿ ನೋಡಿದರೆ ಯಾವುದೂ ಕಷ್ಟ ಅಲ್ಲ. ನಾಲ್ಕೂ ಒಂದರ ಮೇಲೊಂದು ಬಿದ್ದಾಗ ತಲೆ ಕೆಡುತ್ತದೆ.

ಮೊದಲನೆಯದು ಓಡಿಸುವ ಹೊತ್ತು. ಸತತ 10 ಗಂಟೆ ವಿಶ್ರಾಂತಿ ಪಡೆದ ಮೇಲೆ 11 ಗಂಟೆ ಸ್ಟೇರಿಂಗ್ ಹಿಡಿಯಬಹುದು. ಇದು ಚಕ್ರ ತಿರುಗುತ್ತಿರುವಾಗ ಮಾತ್ರ ಕರಗುತ್ತದೆ.

ಎರಡನೆಯದೇ ಎಲ್ಲರಿಗೂ ಕಾಟ ಕೊಡುವುದು: 14 ಗಂಟೆಯ ಗಡಿಯಾರ. ಆ 11 ಗಂಟೆಯ ಓಟವೆಲ್ಲ ಕೆಲಸ ಶುರುಮಾಡಿದ 14 ಗಂಟೆಯೊಳಗೆ ಮುಗಿಯಬೇಕು. ಈ ಗಡಿಯಾರ ಊಟಕ್ಕೆ ನಿಲ್ಲುವುದಿಲ್ಲ, ಡೀಸೆಲ್ ಹಾಕಿಸಲು ನಿಲ್ಲುವುದಿಲ್ಲ, ಲೋಡಿಂಗ್‌ಗೆ ಕಾದರೂ ನಿಲ್ಲುವುದಿಲ್ಲ. ಬೀದಿ ನಲ್ಲಿಗೆ ನೀರು ಬಿಟ್ಟ ಹಾಗೆ. ನೀವು ಕೊಡ ಇಟ್ಟರೂ ಹರಿಯುತ್ತದೆ, ಇಡದಿದ್ದರೂ ಹರಿಯುತ್ತದೆ, ಹೊತ್ತಾದ ಮೇಲೆ ಬಂದ್. 14 ಗಂಟೆ ಮುಗಿದ ಮೇಲೆ ಬೇರೆ ಕೆಲಸ ಮಾಡಬಹುದು, ಆದರೆ ಗಾಡಿ ಓಡಿಸುವ ಹಾಗಿಲ್ಲ.

ಮೂರನೆಯದು ಸಣ್ಣದು. ಒಟ್ಟು 8 ಗಂಟೆ ಓಡಿಸಿದ ಮೇಲೆ ಕನಿಷ್ಠ 30 ನಿಮಿಷ ಸ್ಟೇರಿಂಗ್ ಬಿಟ್ಟಿರಬೇಕು. 2020ರ ತಿದ್ದುಪಡಿ ಆದ ಮೇಲೆ ಈ ಅರ್ಧ ಗಂಟೆಯಲ್ಲಿ ಡೀಸೆಲ್ ಹಾಕಿಸಿದರೂ ನಡೆಯುತ್ತದೆ.

ನಾಲ್ಕನೆಯದು ವಾರದ ಲೆಕ್ಕ. ದಿನವೂ ಗಾಡಿ ಓಡಿಸುವ ಕಂಪನಿಯಾದರೆ 8 ದಿನಗಳಲ್ಲಿ ಒಟ್ಟು ಕೆಲಸ 70 ಗಂಟೆ ಮುಟ್ಟಿದ ಮೇಲೆ ಓಡಿಸುವಂತಿಲ್ಲ. ಇದರಲ್ಲಿ ಓಡಿಸಿದ್ದು, ಕಾದದ್ದು, ಹಗ್ಗ ಬಿಗಿದದ್ದು ಎಲ್ಲ ಸೇರುತ್ತದೆ. ಸೋಮವಾರಕ್ಕೆ ಹೊಸದಾಗಿ ಶುರುವಾಗುವ ವಾರ ಇದಲ್ಲ. ಪ್ರತಿ ದಿನ ಹಿಂದಿನ ಎಂಟನೇ ದಿನ ಉದುರಿಹೋಗಿ ಇವತ್ತಿನದು ಸೇರುತ್ತದೆ. ಸತತ 34 ಗಂಟೆ ರಜೆ ತೆಗೆದುಕೊಂಡರೆ ಲೆಕ್ಕ ಸೊನ್ನೆಗೆ ಬರುತ್ತದೆ.

ಈಗ ಈ ನಿಯಮವನ್ನು ನಮ್ಮ ಅಡಿಕೆ ಲಾರಿಗೆ ಹಾಕಿ ನೋಡೋಣ. ಶಿವಮೊಗ್ಗದಿಂದ ಅಹಮದಾಬಾದಿಗೆ ರಾಶಿ ಅಡಿಕೆ ಹೋಗಬೇಕು, ಸಾವಿರದ ಇನ್ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಡ್ರೈವರ್ ಬೆಳಿಗ್ಗೆ ಆರಕ್ಕೆ ಗಾಡಿ ತೆಗೆದು ಮಂಡಿ ಮುಂದೆ ನಿಲ್ಲಿಸುತ್ತಾನೆ. ಹಮಾಲರು ಬರುತ್ತಾರೆ, ಹೋಗುತ್ತಾರೆ. ಮುಂದಿನ ಗಾಡಿ ತುಂಬಬೇಕು. ಮೂಟೆ ಏರಿ, ತೂಕ ಆಗಿ, ಟಾರ್ಪಾಲ್ ಬಿಗಿದು, ಬಿಲ್ ಕೈಗೆ ಬರುವಾಗ ಮಧ್ಯಾಹ್ನ ಒಂದೂವರೆ. ಓಡಿಸುವ 11 ಗಂಟೆಯಲ್ಲಿ ಒಂದಿಷ್ಟೂ ಖರ್ಚಾಗಿಲ್ಲ. ಆದರೆ 14 ಗಂಟೆಯ ಗಡಿಯಾರ ಬೆಳಿಗ್ಗೆ ಆರರಿಂದಲೇ ಓಡುತ್ತಿದೆ, ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಕೈಯಲ್ಲಿ ಉಳಿದದ್ದು ಆರೂವರೆ ಗಂಟೆ. ಗಂಟೆಗೆ 40 ಕಿಲೋಮೀಟರ್ ಸರಾಸರಿ ಹಿಡಿದರೆ ಹುಬ್ಬಳ್ಳಿ, ಧಾರವಾಡ ದಾಟಿ ಬೆಳಗಾವಿ ಹತ್ತಿರ ಬರುವಾಗ ಎಂಟು ಗಂಟೆ. ಅಲ್ಲಿಗೆ ನಿಲ್ಲಿಸಬೇಕು, ಬೆಳಿಗ್ಗೆ ಆರರ ತನಕ ಅಲುಗಾಡುವ ಹಾಗಿಲ್ಲ. ನಾಲ್ಕೂವರೆ ಗಂಟೆ ಓಡಿಸುವ ಹಕ್ಕು ಬಳಸದೇ ಹೋಯಿತು. ಅದು ಹೋದದ್ದು ಮಂಡಿ ಮುಂದೆ, ಅದಕ್ಕೆ ಡ್ರೈವರ್‌ಗೆ ಯಾರೂ ಕಾಸು ಕೊಡುವುದಿಲ್ಲ.

ಇದಕ್ಕೆ ಒಂದು ಉಪಾಯ ಇದೆ. ಸತತ 10 ಗಂಟೆಯ ವಿಶ್ರಾಂತಿಯನ್ನು ಎರಡು ಭಾಗ ಮಾಡಿಕೊಳ್ಳಬಹುದು. ಒಂದು ಭಾಗ ಕ್ಯಾಬಿನ್ ಹಿಂದಿನ ಹಾಸಿಗೆಯಲ್ಲಿ ಕನಿಷ್ಠ 7 ಗಂಟೆ, ಇನ್ನೊಂದು ಕನಿಷ್ಠ 2 ಗಂಟೆ, ಎರಡೂ ಸೇರಿ 10 ಆಗಬೇಕು. ಹೀಗೆ ಜೋಡಿ ಮಾಡಿದಾಗ ಆ ಎರಡು ಭಾಗಗಳ ಹೊತ್ತು 14 ಗಂಟೆಯ ಗಡಿಯಾರಕ್ಕೆ ಸೇರುವುದಿಲ್ಲ. ನಮ್ಮ ಡ್ರೈವರ್ ಮಂಡಿ ಮುಂದೆ ಒಂಬತ್ತರಿಂದ ಹನ್ನೆರಡರವರೆಗೆ ನಿಜವಾಗಿ ಮಲಗಿದ್ದರೆ, ಆ ಮೂರು ಗಂಟೆ ವಾಪಸ್ ಸಿಕ್ಕಿ ರಾತ್ರಿ ಹನ್ನೊಂದರ ತನಕ ಓಡಿಸಬಹುದಿತ್ತು. ಆಮೇಲೆ ಏಳು ಗಂಟೆ ಮಲಗಿದರೆ ಜೋಡಿ ಪೂರ್ತಿ.

ಆದರೆ "ನಿಜವಾಗಿ ಮಲಗಿದ್ದರೆ" ಅನ್ನುವುದೇ ತೊಡಕು. ಅರ್ಧ ಗಂಟೆಗೊಮ್ಮೆ ಬಾಗಿಲು ಬಡಿದು "ಏ, ಗಾಡಿ ಸ್ವಲ್ಪ ಮುಂದೆ ತಗಿ" ಅಂದರೆ ಆ ಮೂರು ಗಂಟೆ ಮುರಿದುಬಿತ್ತು. ಒಮ್ಮೆ ಎದ್ದು ಗಾಡಿ ಸರಿಸಿದರೂ ವಿಶ್ರಾಂತಿಯ ಲೆಕ್ಕ ಮತ್ತೆ ಮೊದಲಿನಿಂದ.

ಪೆಟ್ಟಿಗೆಯೊಳಗೆ ಏನಾಗುತ್ತದೆ?

ಈ ನಿಯಮಗಳು ಹೊಸವಲ್ಲ. ಅಮೆರಿಕದಲ್ಲಿ ಡ್ರೈವರ್ ಗಂಟೆಗೆ ಮಿತಿ ಹಾಕಿದ್ದು 1930ರ ದಶಕದಲ್ಲೇ. ಅಲ್ಲಿಂದ ಎಂಟು ದಶಕ ಬಹುಪಾಲು ಡ್ರೈವರ್‌ಗಳು ಇದನ್ನು ಕಾಗದದ ಪುಸ್ತಕದಲ್ಲಿ ಪೆನ್ನಿನಿಂದ ಬರೆದರು. ಪೆನ್ನು ಯಾರ ಕೈಯಲ್ಲಿದೆಯೋ ಲೆಕ್ಕ ಅವರಿಗೆ ಬೇಕಾದ ಹಾಗೆ ಬರುತ್ತದೆ, ಇದನ್ನು ನನ್ನಂಥವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡೆರಡು ಪುಸ್ತಕ ಇಟ್ಟುಕೊಂಡವರೂ ಇದ್ದರು. 2012ರಲ್ಲಿ ಅಲ್ಲಿನ ಸಂಸತ್ತು ಇದನ್ನು ಎಲೆಕ್ಟ್ರಾನಿಕ್ ಮಾಡಿ ಎಂದು ಕಾನೂನು ಮಾಡಿತು. 2015ರ ಡಿಸೆಂಬರಿನಲ್ಲಿ ನಿಯಮ ಬಂತು, 2017ರ ಡಿಸೆಂಬರ್ 18ರಿಂದ ಕಡ್ಡಾಯವಾಯಿತು. ಹಳೆಯ ಮಾದರಿಯ ರೆಕಾರ್ಡರ್ ಇದ್ದವರಿಗೆ 2019ರ ಡಿಸೆಂಬರ್ ತನಕ ಗಡುವು ಕೊಟ್ಟಿದ್ದರು.

ಪೆಟ್ಟಿಗೆಯನ್ನು ಲಾರಿಯ ಎಂಜಿನ್ ಕಂಪ್ಯೂಟರಿಗೆ ಜೋಡಿಸುತ್ತಾರೆ. ಮೆಕ್ಯಾನಿಕ್ ಸ್ಕ್ಯಾನರ್ ಹಾಕುವ ಪೋರ್ಟ್ ಇರುತ್ತದಲ್ಲ, ಸಾಮಾನ್ಯವಾಗಿ ಅದಕ್ಕೇ. ಎಂಜಿನ್ ಆನ್ ಇದೆಯಾ, ಗಾಡಿ ಚಲಿಸುತ್ತಿದೆಯಾ, ಎಷ್ಟು ಓಡಿದೆ ಅನ್ನುವುದೆಲ್ಲ ನೇರವಾಗಿ ಅಲ್ಲಿಂದಲೇ ಬರುತ್ತದೆ. ಡ್ರೈವರ್ ಮುಂದೆ ಒಂದು ಟ್ಯಾಬ್ ಅಥವಾ ಮೊಬೈಲ್. ಅದರಲ್ಲಿ ನಾಲ್ಕು ಸ್ಥಿತಿ: ರಜೆಯಲ್ಲಿದ್ದೇನೆ, ಹಾಸಿಗೆಯಲ್ಲಿದ್ದೇನೆ, ಓಡಿಸುತ್ತಿದ್ದೇನೆ, ಓಡಿಸುತ್ತಿಲ್ಲ ಆದರೆ ಕೆಲಸದಲ್ಲಿದ್ದೇನೆ.

ಇವುಗಳಲ್ಲಿ ಮೂರನ್ನು ಡ್ರೈವರ್ ಒತ್ತುತ್ತಾನೆ. ಓಡಿಸುವುದನ್ನು ಮಾತ್ರ ಯಂತ್ರವೇ ಹಾಕಿಕೊಳ್ಳುತ್ತದೆ. ವೇಗ ಗಂಟೆಗೆ 5 ಮೈಲಿ, ಅಂದರೆ ಸುಮಾರು 8 ಕಿಲೋಮೀಟರ್ ಮುಟ್ಟಿದರೆ "ಓಡುತ್ತಿದೆ" ಎಂದು ಬರೆದುಕೊಳ್ಳುತ್ತದೆ. ಗಾಡಿ ನಿಂತು ಐದು ನಿಮಿಷ ಆದರೆ "ಇನ್ನೂ ಓಡಿಸ್ತಾ ಇದೀಯಾ?" ಎಂದು ಕೇಳುತ್ತದೆ. ಒಂದು ನಿಮಿಷದಲ್ಲಿ ಉತ್ತರ ಬರದಿದ್ದರೆ ತಾನೇ "ಕೆಲಸದಲ್ಲಿದ್ದಾನೆ, ಓಡಿಸುತ್ತಿಲ್ಲ" ಎಂಬ ಖಾನೆಗೆ ಹಾಕುತ್ತದೆ.

ತಿದ್ದಬಹುದಾ? ತಿದ್ದಬಹುದು. ಆದರೆ ಯಂತ್ರ ತಾನೇ ಬರೆದ ಓಟದ ಹೊತ್ತನ್ನು ಕಡಿಮೆ ಮಾಡಲು ಬರುವುದಿಲ್ಲ. ಬೇರೆ ಏನನ್ನು ತಿದ್ದಿದರೂ ಯಾಕೆ ಎಂದು ಬರೆಯಬೇಕು, ಹಳೆಯದು ಅಳಿಸಿಹೋಗುವುದಿಲ್ಲ. ಆಫೀಸಿನವರು ತಿದ್ದಬೇಕಾದರೆ ಸಲಹೆ ಮಾತ್ರ ಕೊಡಬಹುದು, ಡ್ರೈವರ್ ಒಪ್ಪಿದರೆ ಮಾತ್ರ ಲಾಗ್ ಬದಲಾಗುತ್ತದೆ. ನನಗೆ ಇಡೀ ನಿಯಮದಲ್ಲಿ ಬಹಳ ಹಿಡಿಸಿದ್ದು ಇದು. ಲೆಕ್ಕದ ಪುಸ್ತಕ ಓನರ್ ಟೇಬಲ್ ಮೇಲೆ ಇದ್ದರೂ ಕೊನೆಯ ಸಹಿ ಡ್ರೈವರ್‌ನದು.

ಇನ್ನೊಂದು ಸಣ್ಣ ವಿಷಯ: ಡ್ರೈವರ್ ಮಲಗಿದ್ದಾನೆ ಎಂದು ಲಾಗ್ ಹೇಳುತ್ತಿರುವಾಗ ಯಂತ್ರದ ಸದ್ದನ್ನು ಆಫ್ ಮಾಡುವ ಅಥವಾ ಕಡಿಮೆ ಮಾಡುವ ಅವಕಾಶ ಇರಲೇಬೇಕು. ನಡುರಾತ್ರಿ ಮೆಸೇಜ್ ಹಾಕಿ ಎಬ್ಬಿಸುವ ಆಫೀಸಿನವರು ಎಲ್ಲ ದೇಶದಲ್ಲೂ ಇದ್ದಾರೆ ಅಂತಾಯಿತು.

ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ? ಯಂತ್ರ ತನ್ನಲ್ಲೇ ಬರೆದಿಟ್ಟುಕೊಳ್ಳುತ್ತದೆ, ಸಿಗ್ನಲ್ ಬಂದಾಗ ಕಳಿಸುತ್ತದೆ. ಯಂತ್ರವೇ ಕೆಟ್ಟರೆ ಡ್ರೈವರ್ ಮತ್ತೆ ಕಾಗದ ಹಿಡಿಯಬೇಕು, ಕಂಪನಿ 8 ದಿನದೊಳಗೆ ರಿಪೇರಿ ಮಾಡಿಸಬೇಕು. ಲಾಗ್‌ಗಳನ್ನು ಆರು ತಿಂಗಳು ಇಡಬೇಕು.

ಮಳೆ ಬಂತು ಅನ್ನುವುದು ನೆಪ ಆಗುತ್ತದಾ?

ವಿನಾಯಿತಿಗಳ ಪಟ್ಟಿ ಉದ್ದ ಇದೆ. ಮಲೆನಾಡಿನವರಿಗೆ ಕುತೂಹಲ ಹುಟ್ಟಿಸುವಂಥವು ಕೆಲವು.

ದಾರಿಯಲ್ಲಿ ಅನಿರೀಕ್ಷಿತ ತೊಂದರೆ ಆದರೆ ಓಡಿಸುವ ಹೊತ್ತು, 14 ಗಂಟೆಯ ಅವಧಿ ಎರಡಕ್ಕೂ 2 ಗಂಟೆ ಸೇರಿಸಿಕೊಳ್ಳಬಹುದು. ಇಲ್ಲಿ ಪೂರ್ತಿ ಭಾರ "ಅನಿರೀಕ್ಷಿತ" ಎಂಬುದರ ಮೇಲೆ. ಹೊರಡುವಾಗ ಡ್ರೈವರ್‌ಗಾಗಲಿ, ಕಳಿಸಿದವರಿಗಾಗಲಿ ಗೊತ್ತಿರಬಾರದು, ಗೊತ್ತಾಗುವ ಹಾಗೂ ಇರಬಾರದು. ಜುಲೈ ತಿಂಗಳಲ್ಲಿ ಮಾಸ್ತಿಕಟ್ಟೆ ಕಡೆ ಹೊರಟು "ಮಳೆ ಬಂತು ಸಾರ್" ಅಂದರೆ ಇದರಡಿ ನಡೆಯುವುದಿಲ್ಲ. ಹುಲಿಕಲ್ ಕೆಳಗೆ ಆಗಷ್ಟೇ ಗುಡ್ಡ ಜರುಗಿ ಗಾಡಿಗಳು ನಿಂತಿದ್ದರೆ ನಡೆಯುತ್ತದೆ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ತೀರ್ಥಹಳ್ಳಿ ಕಡೆಯಿಂದ ಕರಾವಳಿಗೆ ಇಳಿಯುವ ಲಾರಿ ಸುತ್ತು ಹಾಕಲೇಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಸುತ್ತಿನ ಹೊತ್ತನ್ನು ಹೊರಡುವಾಗಲೇ ಲೆಕ್ಕ ಹಾಕಿರಬೇಕು.

ಹತ್ತಿರದ ಓಡಾಟಕ್ಕೆ ಇ.ಎಲ್.ಡಿ. ಬೇಡ. ಹೊರಟ ಜಾಗದಿಂದ ನೇರ ಗೆರೆಯಲ್ಲಿ ಸುಮಾರು 278 ಕಿಲೋಮೀಟರ್ ಒಳಗೆ ಓಡಾಡಿ, 14 ಗಂಟೆಯೊಳಗೆ ಅದೇ ಜಾಗಕ್ಕೆ ಬಂದು ಕೆಲಸ ಮುಗಿಸಿದರೆ, ಬಂದ ಹೊತ್ತು, ಹೋದ ಹೊತ್ತು ಆಫೀಸಿನಲ್ಲಿ ಬರೆದಿಟ್ಟರೆ ಸಾಕು. ಶಿವಮೊಗ್ಗದಿಂದ ನೇರ ಗೆರೆ ಎಳೆದರೆ ಹುಬ್ಬಳ್ಳಿ, ಮಂಗಳೂರು ಮಾತ್ರ ಅಲ್ಲ, ಬೆಂಗಳೂರೂ ಈ ವೃತ್ತದೊಳಗೇ ಬರುತ್ತದೆ. ಆದರೆ ನಮ್ಮ ಬಿ.ಎಚ್. ರಸ್ತೆಯಲ್ಲಿ ಬೆಂಗಳೂರಿಗೆ ಹೋಗಿ, ಅನ್‌ಲೋಡ್ ಮಾಡಿ, 14 ಗಂಟೆಯಲ್ಲಿ ಲಾರಿ ವಾಪಸ್ ತರುವವರು ಯಾರಾದರೂ ಇದ್ದರೆ ಹೇಳಿ. ಇನ್ನು 2000ಕ್ಕಿಂತ ಹಳೆಯ ಎಂಜಿನ್‌ಗೂ ಪೆಟ್ಟಿಗೆ ಬೇಡ, ಅದರಲ್ಲಿ ಜೋಡಿಸಲು ಸರಿಯಾದ ಕಂಪ್ಯೂಟರೇ ಇರುವುದಿಲ್ಲವಲ್ಲ. ಪೆಟ್ಟಿಗೆ ಬೇಡ ಅಂದ ಮಾತ್ರಕ್ಕೆ ಓಡಿಸುವ ಗಂಟೆಯ ಮಿತಿ ಹೋಗುವುದಿಲ್ಲ. 11 ಗಂಟೆಯ ಮಿತಿ ಹಾಗೇ ಇರುತ್ತದೆ.

ಕೃಷಿ ಸರಕಿನದು ಬೇರೆಯೇ ಕತೆ. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಬೆಳೆ ತುಂಬಿದ ಜಾಗದಿಂದ ಅದೇ 278 ಕಿಲೋಮೀಟರ್ ದೂರದೊಳಗೆ ಗಂಟೆಯ ನಿಯಮವೇ ಅನ್ವಯಿಸುವುದಿಲ್ಲ. ಕೊಯ್ಲಿನ ಕಾಲ ಯಾವುದು ಅಂತ ಆಯಾ ರಾಜ್ಯ ಹೇಳುತ್ತದೆ. ಸಂಸ್ಕರಿಸಿದ ಆಹಾರಕ್ಕೆ ಈ ಸೌಲಭ್ಯ ಇಲ್ಲ. ಹಾಗಾದರೆ ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿದ ರಾಶಿ ಅಡಿಕೆ ಬೆಳೆಯೋ, ಸಂಸ್ಕರಿಸಿದ ಮಾಲೋ? ಶಿವಮೊಗ್ಗದ ವಕೀಲರಿಗೆ ಒಂದು ವರ್ಷದ ಕೆಲಸ ಸಿಗುತ್ತಿತ್ತು.

ಪೆಟ್ಟಿಗೆ ಬಂದ ಮೇಲೆ ಏನಾಯಿತು?

ಗಂಟೆ ಮೀರುವುದು ಕಡಿಮೆಯಾಯಿತು. ಅದರಲ್ಲಿ ಅನುಮಾನ ಇಲ್ಲ, ಪೆನ್ನು ಕಿತ್ತುಕೊಂಡ ಮೇಲೆ ಆಗಲೇಬೇಕು. ಅಪಘಾತ? ಕಡ್ಡಾಯ ಆದ ನಂತರದ ತಿಂಗಳುಗಳ ತಪಾಸಣೆ ಮತ್ತು ಅಪಘಾತದ ದಾಖಲೆ ಹಿಡಿದು ಅಲ್ಲಿನ ಸಂಶೋಧಕರು ನೋಡಿದಾಗ ಅಪಘಾತ ಇಳಿದ ಗುರುತು ಸಿಗಲಿಲ್ಲ. ಬದಲಿಗೆ ಸಣ್ಣ ಕಂಪನಿಗಳ ಡ್ರೈವರ್‌ಗಳ ಮೇಲೆ ಅತಿವೇಗದಂಥ ಕೇಸುಗಳು ಜಾಸ್ತಿಯಾಗಿದ್ದವು.

ಕಾರಣ ಊಹಿಸುವುದು ಕಷ್ಟ ಅಲ್ಲ. ಅಲ್ಲಿನ ದೂರದ ಡ್ರೈವರ್‌ಗಳಲ್ಲಿ ಬಹಳ ಜನಕ್ಕೆ ಸಂಬಳ ಮೈಲಿ ಲೆಕ್ಕದಲ್ಲಿ. ಚಕ್ರ ತಿರುಗಿದರೆ ಕಾಸು, ನಿಂತರೆ ಇಲ್ಲ. ಗೋಡೌನ್ ಬಾಗಿಲಲ್ಲಿ ಮೊದಲ ಎರಡು ಗಂಟೆ ಕಾಯುವುದು ಸಾಮಾನ್ಯವಾಗಿ ಬಿಟ್ಟಿ. 1938ರಿಂದಲೂ ಅಲ್ಲಿನ ಓವರ್‌ಟೈಮ್ ಕಾನೂನಿನಿಂದ ಲಾರಿ ಡ್ರೈವರ್‌ಗಳನ್ನು ಹೊರಗಿಟ್ಟಿದ್ದಾರೆ. ಮೊದಲು ಕಾದ ಹೊತ್ತನ್ನು ರಾತ್ರಿ ಕದ್ದು ಓಡಿಸಿ ತುಂಬಿಕೊಳ್ಳುತ್ತಿದ್ದರು, ಪುಸ್ತಕದಲ್ಲಿ ಸರಿ ಮಾಡುತ್ತಿದ್ದರು. ಈಗ ಕದಿಯಲು ಆಗುವುದಿಲ್ಲ. ಉಳಿದ ಹೊತ್ತಿನಲ್ಲೇ ಆಕ್ಸಿಲರೇಟರ್ ಒತ್ತಿ ಗಳಿಸಬೇಕು.

ಇದು ಅಲ್ಲಿನ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. ಗಂಟೆ ಮೀರಿ ಓಡಿಸು ಎಂದು ಡ್ರೈವರನ್ನು ಹೆದರಿಸಿದರೆ ಲಾರಿ ಕಂಪನಿ ಮಾತ್ರ ಅಲ್ಲ, ಸರಕು ಕಳಿಸುವವರು, ತರಿಸಿಕೊಳ್ಳುವವರು, ನಡುವಿನ ದಲ್ಲಾಳಿಯ ಮೇಲೂ ದಂಡ ಹಾಕುವ ನಿಯಮ 2016ರಲ್ಲೇ ಬಂತು. ಆದರೆ ಹೆದರಿಸಿದ್ದನ್ನು ಸಾಬೀತು ಮಾಡಬೇಕು. ಕಾಯಿಸುವುದಕ್ಕೆ ಹೆದರಿಸುವ ಅಗತ್ಯವೇ ಇಲ್ಲ, ಸುಮ್ನೆ ಕಾಯಿಸಿದರಾಯಿತು.

ಯುರೋಪ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಯಂತ್ರದ ಹೆಸರು ಟ್ಯಾಕೋಗ್ರಾಫ್, 2006ರಿಂದ ಹೊಸ ಗಾಡಿಗಳಲ್ಲಿ ಡಿಜಿಟಲ್, ಡ್ರೈವರ್ ತನ್ನದೇ ಕಾರ್ಡ್ ಹಾಕಿ ಓಡಿಸುತ್ತಾನೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು, ದಿನಕ್ಕೆ 9 ಗಂಟೆ ಓಟ, ವಾರದಲ್ಲಿ ಎರಡು ದಿನ ಮಾತ್ರ 10. ಇದಕ್ಕಿಂತ ಮುಖ್ಯವಾದ ಮಾತು ಅದೇ ಕಾನೂನಿನಲ್ಲಿ ಬೇರೆ ಕಡೆ ಇದೆ: ರಸ್ತೆ ಸುರಕ್ಷತೆಗೆ ಅಪಾಯ ಆಗುವ ಹಾಗೆ ಓಡಿದ ದೂರಕ್ಕೆ ಅಥವಾ ಹೊತ್ತ ತೂಕಕ್ಕೆ ಸಂಬಳ, ಬೋನಸ್ ಕಟ್ಟಬಾರದು. ಗಡಿಯಾರದ ಜೊತೆ ಸಂಬಳಕ್ಕೂ ಕೈ ಹಾಕಿದ್ದಾರೆ.

ನಮ್ಮ ಕಾನೂನಿನಲ್ಲಿ ಏನಿದೆ?

"ನಮ್ಮಲ್ಲಿ ಇಂಥ ನಿಯಮವೇ ಇಲ್ಲ" ಅನ್ನುವ ಮಾತು ತಪ್ಪು. ಅಮೆರಿಕಕ್ಕಿಂತ ಬಿಗಿಯಾದ ನಿಯಮ ನಮ್ಮಲ್ಲಿ 1961ರಿಂದ ಇದೆ. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ದೂರದ ದಾರಿಗೆ ಅಧಿಕಾರಿಗಳ ಒಪ್ಪಿಗೆ ಪಡೆದು 10 ಗಂಟೆ, ವಾರಕ್ಕೆ 54. ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು. ಒಂದು ದಿನದ ಕೆಲಸ ಮುಗಿಸಿ ಮರುದಿನದ ಕೆಲಸಕ್ಕೆ ಬರುವ ನಡುವೆ 9 ಗಂಟೆ ವಿಶ್ರಾಂತಿ. ಇವು ಬರೀ ಓಡಿಸುವ ಗಂಟೆಗಳಲ್ಲ, ಗಾಡಿಗೆ ಸಂಬಂಧಿಸಿದ ಉಳಿದ ಕೆಲಸವೂ ಸೇರಿದ ಗಂಟೆಗಳು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್, ಸಾರಿಗೆ ವಾಹನ ಓಡಿಸುವವರಿಗೆ ಇದೇ ಗಂಟೆಗಳು ಎನ್ನುತ್ತದೆ. ಕೆಲಸದ ಹೊತ್ತನ್ನು ಮೊದಲೇ ಗೊತ್ತು ಮಾಡಿ ದಾಖಲಿಸಬೇಕು ಎಂದು ಮಾಲೀಕರಿಗೆ ಹೇಳುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಆ ಸೆಕ್ಷನ್‌ನಲ್ಲೇ ಇದೆ. 1961ರ ಕಾಯ್ದೆ ಈಗ 2020ರ ಕೆಲಸದ ಸುರಕ್ಷತೆ, ಆರೋಗ್ಯ ಸಂಹಿತೆಯೊಳಗೆ ಸೇರಿಹೋಗಿದೆ. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಿಂದ. ದಿನಕ್ಕೆ 8 ಗಂಟೆ ಎಂಬ ಮೂಲ ಹಾಗೇ ಇದೆ.

ತೂತು ಎಲ್ಲಿದೆ? 1961ರ ಕಾಯ್ದೆ ಮೂಲದಲ್ಲಿ ಹಿಡಿದದ್ದು ಐದು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆಗಳನ್ನು. ನಮ್ಮ ಕಡೆ ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡವರೇ ಜಾಸ್ತಿ, ಕೆಲವರು ತಾವೇ ಓನರ್, ತಾವೇ ಡ್ರೈವರ್. ಬೇರೆ ರಾಜ್ಯಗಳಿಗೂ ಹೋಗುವ ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕು ಎಂಬ ನಿಯಮ ಒಂದು ಕಾಲದಲ್ಲಿತ್ತು, ಅದನ್ನೂ 2018ರಲ್ಲಿ ಸಡಿಲಿಸಿದರು. ವಿಮಾನದ ಪೈಲಟ್‌ಗಳ ಹಾಗೆ ಲಾರಿ ಡ್ರೈವರ್‌ಗೂ ಗಂಟೆ ಗೊತ್ತು ಮಾಡಬೇಕು ಎಂದು 2021ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಹೇಳಿದ್ದರು. ಅದಾದ ಮೇಲೆ ಕೈಗೆ ಸಿಕ್ಕಿದ್ದು ಎ.ಸಿ. ಕ್ಯಾಬಿನ್: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳಲ್ಲಿ ಅದು ಕಡ್ಡಾಯ. ಒಳ್ಳೆಯದೇ. ಹಗಲು ಲಾರಿಯಲ್ಲಿ ಮಲಗಿ ಬೆವರಿದವರನ್ನು ಕೇಳಿದರೆ ಗೊತ್ತಾಗುತ್ತದೆ.

ವಿಚಿತ್ರ ಏನೆಂದರೆ, ನಮ್ಮ ಲಾರಿಗಳಲ್ಲಿ ಗಡಿಯಾರಗಳಿಗೇನೂ ಬರ ಇಲ್ಲ. ಫಾಸ್ಟ್ಯಾಗ್ ಪ್ರತಿ ಟೋಲ್‌ನಲ್ಲೂ ಹೊತ್ತು ಬರೆದುಕೊಳ್ಳುತ್ತದೆ. ಸರಕಿನ ಜೊತೆ ಇರಬೇಕಾದ ಜಿ.ಎಸ್.ಟಿ.ಯ ಇ-ವೇ ಬಿಲ್‌ಗೆ ತನ್ನದೇ ಅವಧಿ ಇದೆ, 2021ರಿಂದ 200 ಕಿಲೋಮೀಟರಿಗೆ ಒಂದು ದಿನ. ಅಹಮದಾಬಾದಿಗೆ ಅದು ಏಳು ದಿನ ಕೊಡುತ್ತದೆ, ಹಾಗಾಗಿ "ಬಿಲ್ ಎಕ್ಸ್‌ಪೈರ್ ಆಗತ್ತೆ, ಬೇಗ ಓಡಿಸು" ಅನ್ನುವುದು ಬಹಳ ಸಲ ನೆಪ. ನ್ಯಾಷನಲ್ ಪರ್ಮಿಟ್ ಗಾಡಿಗೆ ಟ್ರ್ಯಾಕಿಂಗ್ ಡಿವೈಸ್ ಬೇಕು. ಬಿಎಸ್ 6 ಲಾರಿಗಳ ಎಂಜಿನ್‌ನಲ್ಲಿ ಕಂಪ್ಯೂಟರ್ ಇದ್ದೇ ಇದೆ. ಒಂದು ತೆರಿಗೆಯವರಿಗೆ, ಒಂದು ಟೋಲಿನವರಿಗೆ, ಒಂದು ಓನರ್‌ಗೆ. ಡ್ರೈವರ್ ಎಷ್ಟು ಹೊತ್ತಿನಿಂದ ಎಚ್ಚರ ಇದ್ದಾನೆ ಅನ್ನುವುದು ಇವುಗಳಲ್ಲಿ ಯಾವುದಕ್ಕೂ ಬೇಕಿಲ್ಲ.

ನಿಲ್ಲಿಸು ಅಂದರೆ ಎಲ್ಲಿ ನಿಲ್ಲಿಸುವುದು?

ಗಂಟೆ ಮುಗಿದ ಕೂಡಲೇ ನಿಲ್ಲಿಸಬೇಕು ಎಂದು ಬರೆಯುವುದು ಸುಲಭ. ಲೋಡ್ ತುಂಬಿದ ಲಾರಿಯನ್ನು ಘಾಟಿಯ ತಿರುವಿನಲ್ಲಿ ನಿಲ್ಲಿಸಲು ಆಗುತ್ತದಾ? ಸಾಗರದಿಂದ ಹೊನ್ನಾವರಕ್ಕೆ ಇಳಿಯುವ ಕಾಡಿನ ದಾರಿಯಲ್ಲಿ ಹತ್ತು ಗಂಟೆ ಮಲಗಲು ಬೆಳಕು, ನೀರು, ಕಕ್ಕಸು, ಕಾವಲು ಇರುವ ಜಾಗ ಬೇಕು. ಡೀಸೆಲ್ ಕಳ್ಳರ ಭಯಕ್ಕೆ ಒಂದು ಕಣ್ಣು ತೆರೆದು ಮಲಗಿದ್ದನ್ನು ಯಾವ ಯಂತ್ರವೂ ನಿದ್ದೆ ಅಲ್ಲ ಅನ್ನುವುದಿಲ್ಲ.

ಅಮೆರಿಕದಲ್ಲಿ ಇದಕ್ಕೆ ಒಂದು ಜೀವ ಹೋಗಬೇಕಾಯಿತು. 2009ರಲ್ಲಿ ಜೇಸನ್ ರಿವೆನ್‌ಬರ್ಗ್ ಎಂಬ ಡ್ರೈವರ್ ಹಾಲು ಇಳಿಸಲು ಹೊತ್ತಿಗೆ ಮುಂಚೆ ಬಂದು, ನಿಲ್ಲಿಸಲು ಜಾಗ ಸಿಗದೆ ಮುಚ್ಚಿದ ಪೆಟ್ರೋಲ್ ಬಂಕಿನಲ್ಲಿ ಲಾರಿ ಹಾಕಿ ಮಲಗಿದ. ದರೋಡೆಕೋರ ಅವನನ್ನು ಗುಂಡಿಟ್ಟು ಕೊಂದ. ಹೆಂಡತಿ ಹೋರಾಡಿದಳು. ಲಾರಿ ನಿಲ್ಲಿಸುವ ಸುರಕ್ಷಿತ ಜಾಗಗಳಿಗೆ ಹಣ ಕೊಡುವ ಜೇಸನ್ ಕಾನೂನು ಬಂದದ್ದು 2012ರಲ್ಲಿ, ಇ.ಎಲ್.ಡಿ.ಯನ್ನು ತಂದ ಅದೇ ಮಸೂದೆಯಲ್ಲಿ. ಪೆಟ್ಟಿಗೆ ಇವತ್ತು ದೂರದ ಬಹುಪಾಲು ಗಾಡಿಗಳಲ್ಲಿ ಇದೆ. ನಿಲ್ಲಿಸಲು ಜಾಗ ಸಾಲದು ಎಂದು ಅಲ್ಲಿನ ಡ್ರೈವರ್‌ಗಳು ಈಗಲೂ ದೂರುತ್ತಾರೆ.

ಇಲ್ಲಿ ಪೆಟ್ಟಿಗೆ ಬರುವ ತನಕ ಕಾಯಬೇಕಿಲ್ಲ. ಟ್ರಿಪ್ ಶೀಟ್ ನಮ್ಮ ಎಲ್ಲ ಆಫೀಸಿನಲ್ಲೂ ಇದೆ. ಅದರಲ್ಲಿ ಡೀಸೆಲ್, ಟೋಲ್, ಬತ್ತಾ, ಪಂಕ್ಚರ್ ಎಲ್ಲಕ್ಕೂ ಖಾನೆ ಇದೆ, ಹೊತ್ತಿಗೆ ಇಲ್ಲ. ಮೂರು ಖಾನೆ ಸೇರಿಸಿದರೆ ಸಾಕು: ಲೋಡಿಂಗ್ ಜಾಗಕ್ಕೆ ಬಂದ ಹೊತ್ತು, ಲೋಡ್ ಆಗಿ ಬಿಟ್ಟ ಹೊತ್ತು, ರಾತ್ರಿ ಮಲಗಿ ಎದ್ದ ಹೊತ್ತು. ಮೊದಲೆರಡನ್ನು ಯಾರೂ ಅಲ್ಲಗಳೆಯದ ಹಾಗೆ ಬಂದ ಕೂಡಲೇ ಗೇಟಿನ ಮುಂದೆ ಒಂದು ಫೋಟೋ ಹೊಡೆದು ಆಫೀಸಿಗೆ ವಾಟ್ಸಾಪ್ ಮಾಡಿ, ಹೊರಡುವಾಗ ಲಾರಿ ತೂಕ ಮಾಡಿದ ವೇ ಬ್ರಿಡ್ಜ್ ಚೀಟಿಯನ್ನು ಶೀಟಿಗೆ ಪಿನ್ ಮಾಡಿ, ಅದರಲ್ಲಿ ಹೊತ್ತು ಪ್ರಿಂಟ್ ಆಗಿರುತ್ತದೆ. ಪಾರ್ಟಿ ಹತ್ತಿರ ಹಾಲ್ಟಿಂಗ್ ಚಾರ್ಜ್, ಅಂದರೆ ಕಾಯಿಸಿದ ಹೊತ್ತಿನ ದುಡ್ಡು, ಕೇಳಲು ಬೇಕಾದ ದಾಖಲೆ ಅಷ್ಟೇ. ಇಷ್ಟು ಗಂಟೆ ಆದ ಮೇಲೆ ಹಾಲ್ಟಿಂಗ್, ಅದರಲ್ಲಿ ಡ್ರೈವರ್ ಪಾಲು ಇಷ್ಟು ಎಂದು ಬಾಡಿಗೆ ಮಾತಾಡುವಾಗಲೇ ಹೇಳಿ, ಎಲ್.ಆರ್. (ಸರಕು ಹತ್ತಿಸಿಕೊಂಡದ್ದಕ್ಕೆ ಕೊಡುವ ಲಾರಿ ರಸೀದಿ) ಮೇಲೂ ಬರೆಯಿರಿ. ಆಮೇಲೆ ಕೇಳಿದರೆ ಯಾವ ಮಂಡಿಯವರೂ ಕೊಡುವುದಿಲ್ಲ.